ಹತ್ತನೆಯವನು ತಡವಾಗಿ ಬಂದರೆ

ಹತ್ತು ಜನ ಕೂಡಬೇಕಾದಲ್ಲಿ ಒಂಬತ್ತು ಜನ ಕೂಡಿದ್ದಾರೆ. ಹತ್ತನೆಯವನು ಇನ್ನೂ ಬಂದಿಲ್ಲ. ಈಗ ಏನು ಮಾಡತಕ್ಕದ್ದು? ಕಾಯಬೇಕೋ, ಆರಂಭಿಸಬೇಕೋ? ಆರಂಭಿಸಿದ ಮೇಲೆ ಅವನು ಬಂದನೆಂದರೆ ಮೊದಲಿನಿಂದ ತೊಡಗಬೇಕೋ, ನಡೆದಲ್ಲಿಂದ ಮುಂದುವರಿಸಬೇಕೋ?

ನಮ್ಮ ಸಭೆ-ಸಂಘಗಳಲ್ಲಿ ಈ ಪ್ರಶ್ನೆಗೆ ಸಾಮಾನ್ಯವಾಗಿ ದೊರೆಯುವ ಉತ್ತರಗಳು ಎರಡು. ಬರಬೇಕಾದವರೆಲ್ಲರೂ ಬರುವ ತನಕ ಬಂದವರನ್ನು ಕೂಡಿಸಿಟ್ಟುಕೊಳ್ಳುವುದು ಒಂದು. ಬಾರದವರನ್ನೂ ಬಂದವರೆಂದು ಪುಸ್ತಕದಲ್ಲಿ ಬರೆದುಕೊಂಡು ಕೆಲಸ ಮುಗಿಸುವುದು ಇನ್ನೊಂದು. ಮೊದಲನೆಯದರಲ್ಲಿ ಹೊತ್ತಿಗೆ ಸರಿಯಾಗಿ ಬಂದವನಿಗೆ ದಂಡ. ಎರಡನೆಯದರಲ್ಲಿ ಸತ್ಯಕ್ಕೆ ದಂಡ. ಇವೆರಡನ್ನೂ ಒಲ್ಲದೆ ಮೂರನೆಯ ದಾರಿಯೊಂದನ್ನು ಯೆಹೂದಿ ಧರ್ಮಶಾಸ್ತ್ರಜ್ಞರು ಶತಮಾನಗಳ ಕಾಲ ವಾದ-ವಿವಾದ ಮಾಡಿ ಕಂಡುಕೊಂಡಿದ್ದಾರೆ. ಆ ದಾರಿ ಯಾವುದು, ಅದಕ್ಕೆ ಸಮಾನವಾದ ವಿಚಾರ ನಮ್ಮ ನೆಲದಲ್ಲಿಯೂ ನಡೆದಿತ್ತೇ, ಅದರಿಂದ ನಾವು ಕಲಿಯತಕ್ಕದ್ದೇನು ಎಂಬುದನ್ನು ಪ್ರಕೃತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ಕುಳಿತವನಿಗೆ ಯೆಹೂದಿಗಳ ಪ್ರಾರ್ಥನೆಯ ಗೊಡವೆಯೇಕೆ ಎಂದು ವಾಚಕರು ಕೇಳಬಹುದು. ಆದರೆ ಯೆಹೂದಿಗಳು ಕನ್ನಡ ನಾಡಿಗೆ ತೀರ ಅಪರಿಚಿತರೇನಲ್ಲ. ೧೨ನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕನು ಮಂಗಳೂರಿನಲ್ಲಿ ಬಹುಕಾಲ ನೆಲೆಸಿ ವ್ಯಾಪಾರ ನಡೆಸಿದನು. ಕಂಚಿನ ಪಾತ್ರೆಗಳನ್ನು ಮಾಡಿಸುವ ಕಾರ್ಖಾನೆಯನ್ನೂ ಇರಿಸಿದ್ದನು. ಅವನ ಓಲೆಗಳೂ ಲೆಕ್ಕಪತ್ರಗಳೂ ಈಜಿಪ್ತದ ಕೈರೋ ನಗರದ ಹಳೆಯ ಪ್ರಾರ್ಥನಾಮಂದಿರದ ಕಾಗದದ ಉಗ್ರಾಣದಲ್ಲಿ ಉಳಿದುಬಂದು, ೧೯ನೆಯ ಶತಮಾನದ ಕೊನೆಗೆ ವಿದ್ವಾಂಸರ ಕೈಸೇರಿದವು. ಅಮಿತಾವ್ ಘೋಷ್ ಅವರು ೧೯೯೨ರಲ್ಲಿ ಪ್ರಕಟಿಸಿದ ಗ್ರಂಥದಿಂದ ಈ ಸಂಗತಿ ಸಾಮಾನ್ಯ ಓದುಗರಿಗೂ ತಿಳಿಯಿತು. ಅದಲ್ಲದೆ, ಸಂಖ್ಯೆ ತುಂಬದಾಗ ಮಾಡತಕ್ಕದ್ದೇನು ಎಂಬ ಪ್ರಶ್ನೆ ಒಂದು ಮತಕ್ಕೆ ಮೀಸಲಾದುದಲ್ಲ. ಸಮುದಾಯವಿದ್ದಲ್ಲೆಲ್ಲ ಆ ಪ್ರಶ್ನೆ ಉಂಟು.

ಹತ್ತರ ಲೆಕ್ಕ

ಯೆಹೂದಿಗಳು ದಿನಕ್ಕೆ ಮೂರು ಬಾರಿ ಪ್ರಾರ್ಥನೆ ಸಲ್ಲಿಸುತ್ತಾರೆ: ಮುಂಜಾನೆ, ಮಧ್ಯಾಹ್ನದ ಮೇಲೆ, ರಾತ್ರಿ. ಇದನ್ನು ಒಬ್ಬನೇ ಮನೆಯಲ್ಲಿ ಸಲ್ಲಿಸಬಹುದು. ಆದರೆ ಸಾಮೂಹಿಕ ಪ್ರಾರ್ಥನೆ ಎನಿಸಿಕೊಳ್ಳಬೇಕಾದರೆ ಹತ್ತು ಮಂದಿ ಪ್ರಾಪ್ತವಯಸ್ಕರು ಒಂದೆಡೆ ಇರಬೇಕು. ಸಾಂಪ್ರದಾಯಿಕರ ಮತದಲ್ಲಿ ಇವರು ೧೩ ವರ್ಷ ತುಂಬಿದ ಗಂಡಸರು. ಈ ಹತ್ತು ಜನರ ಕೂಟಕ್ಕೆ ‘ಮಿನ್ಯಾನ್’ ಎಂದು ಹೆಸರು. ಆ ಪದದ ಅರ್ಥವೇ ‘ಎಣಿಕೆ’ ಎಂದು.

ಹತ್ತೇ ಏಕೆ? ಮೋಶೆಯು ಕಾನಾನ್ ದೇಶವನ್ನು ನೋಡಿ ಬರಲು ಹನ್ನೆರಡು ಜನ ಗೂಢಚಾರರನ್ನು ಕಳುಹಿಸಿದನು. ಅವರಲ್ಲಿ ಇಬ್ಬರು ಧೈರ್ಯ ಹೇಳಿದರು. ಉಳಿದ ಹತ್ತು ಮಂದಿ ಜನರ ಎದೆಗುಂದಿಸುವ ಸುದ್ದಿ ತಂದರು. ಆ ಹತ್ತು ಮಂದಿಯನ್ನು ಕುರಿತು ಮಾತಾಡುವಲ್ಲಿ ಧರ್ಮಗ್ರಂಥವು ‘ಸಭೆ’ ಎಂಬ ಅರ್ಥದ ಶಬ್ದವನ್ನು ಬಳಸಿದೆ. ಆದ್ದರಿಂದ ಸಭೆಯೆಂದರೆ ಹತ್ತು ಜನ ಎಂದು ತಾಲ್ಮೂದ್ ಗ್ರಂಥದ ಪಂಡಿತರು ನಿಷ್ಕರ್ಷಿಸಿದರು. ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಈ ಸಂಖ್ಯೆಯನ್ನು ಅವರು ಕಲಿತದ್ದು ಹತ್ತು ಜನ ಸಂತರಿಂದಲ್ಲ, ಹತ್ತು ಜನ ಅಲ್ಪವಿಶ್ವಾಸಿಗಳಿಂದ. ಸಭೆಯಾಗಲು ಪುಣ್ಯಪುರುಷರೇ ಆಗಬೇಕಿಲ್ಲ, ಹಾಜರಿದ್ದರೆ ಸಾಕು. ಹತ್ತರಲ್ಲಿ ಒಬ್ಬನು ನಿದ್ರೆ ಹೋಗಿದ್ದರೂ ಅವನು ಲೆಕ್ಕಕ್ಕೆ ಸೇರುತ್ತಾನೆಂದು ಮುಂದಿನ ಶಾಸ್ತ್ರಗ್ರಂಥಗಳು ಹೇಳುತ್ತವೆ. ಈ ಸೌಲಭ್ಯವನ್ನು ನಮ್ಮ ಕೆಲವು ಶಾಸನಸಭೆಗಳ ಸದಸ್ಯರು ಶಾಸ್ತ್ರ ಓದದೆಯೇ ಅನುಭವಿಸುತ್ತಿರುವುದುಂಟು.

ಜನರನ್ನು ‘ಒಂದು, ಎರಡು’ ಎಂದು ಬೆರಳು ಮಾಡಿ ಎಣಿಸುವುದು ಅಶುಭವೆಂಬ ಭಾವನೆ ಯೆಹೂದಿಗಳಲ್ಲಿ ಇದೆ. ಆದ್ದರಿಂದ ಹತ್ತು ಶಬ್ದಗಳಿರುವ ಒಂದು ಶ್ಲೋಕವನ್ನು ತಲೆಗೊಂದು ಶಬ್ದದಂತೆ ಹೇಳುತ್ತ ಎಣಿಸುವ ರೂಢಿಯುಂಟು. ಕಣದಲ್ಲಿ ಕಾಳು ಅಳೆಯುವಾಗ ಮೊದಲ ಅಳತೆಗೆ ‘ಒಂದು’ ಎನ್ನದೆ ‘ಲಾಭ’ ಎನ್ನುವ ನಮ್ಮ ರೈತರಿಗೆ ಇದು ವಿಚಿತ್ರವೆನಿಸಲಾರದು.

ಒಬ್ಬನದು ಮತ್ತು ಹತ್ತು ಜನರದು

ತಡವಾಗಿ ಬಂದವರ ವಿಷಯ ತಿಳಿಯಬೇಕಾದರೆ ಮೊದಲು ಒಂದು ಭೇದವನ್ನು ತಿಳಿಯಬೇಕು. ಪ್ರಾರ್ಥನೆಯ ಭಾಗಗಳಲ್ಲಿ ಕೆಲವು ಒಬ್ಬೊಬ್ಬನ ಸಾಲ. ಅವನ್ನು ಅವನೇ ತೀರಿಸಬೇಕು. ಕೀರ್ತನೆಗಳ ಪಠನ, ‘ಶೆಮಾ’ ಎಂಬ ವಿಶ್ವಾಸವಚನ, ಎದ್ದು ನಿಂತು ಮೆಲ್ಲಗೆ ಹೇಳಿಕೊಳ್ಳುವ ‘ಅಮೀದಾ’ ಎಂಬ ಪ್ರಧಾನ ಪ್ರಾರ್ಥನೆ, ಇವು ಈ ಬಗೆಯವು. ಹತ್ತು ಜನ ಕೂಡಲಿ ಬಿಡಲಿ, ಹೊತ್ತು ಮೀರುವುದರೊಳಗಾಗಿ ಇವು ಸಲ್ಲಬೇಕು.

ಬೇರೆ ಕೆಲವು ಭಾಗಗಳು ಸಮೂಹದ ಸ್ವತ್ತು. ದೇವರನ್ನು ಸ್ತುತಿಸಿರೆಂದು ಮುಂದಾಳು ಸಭೆಯನ್ನು ಕರೆಯುವ ‘ಬಾರೆಖು’, ದೇವರ ನಾಮದ ಮಹಿಮೆಯನ್ನು ಸಾರುವ ‘ಕದ್ದೀಶ್’, ಅಮೀದಾವನ್ನು ಮುಂದಾಳು ಗಟ್ಟಿಯಾಗಿ ಮತ್ತೊಮ್ಮೆ ಹೇಳುವಾಗ ಬರುವ ‘ಕೆದುಶಾ’, ಧರ್ಮಗ್ರಂಥದ ಸುರುಳಿಯನ್ನು ಬಿಚ್ಚಿ ವಿಧಿಪೂರ್ವಕ ಓದುವುದು, ಇವುಗಳಿಗೆ ಹತ್ತು ಜನ ಬೇಕೇ ಬೇಕು. ಸುಮಾರು ಕ್ರಿ.ಶ. ೨೦೦ರಲ್ಲಿ ಸಂಗ್ರಹವಾದ ಮಿಶ್ನಾ ಗ್ರಂಥವು ಹತ್ತಕ್ಕಿಂತ ಕಡಿಮೆ ಜನರಿದ್ದಾಗ ಮಾಡಬಾರದ ಕರ್ಮಗಳ ಪಟ್ಟಿಯನ್ನೇ ಕೊಡುತ್ತದೆ. ಒಂಬತ್ತು ಜನ ಎಷ್ಟೇ ಭಕ್ತಿವಂತರಾಗಿರಲಿ, ಎಷ್ಟೇ ಪಂಡಿತರಾಗಿರಲಿ, ಈ ಮಾತುಗಳನ್ನು ಆಡುವ ಅಧಿಕಾರ ಅವರಿಗಿಲ್ಲ.

ಇದು ಬರಿಯ ವಿಧಿಯ ಮಾತೆಂದು ತಿಳಿಯಬಾರದು. ತಂದೆ-ತಾಯಿ ತೀರಿಕೊಂಡಾಗ ಮಗನು ಅವರ ಹೆಸರಿನಲ್ಲಿ ಕದ್ದೀಶ್ ಹೇಳಬೇಕು. ಬಹುಕಡೆಗಳಲ್ಲಿ ಹನ್ನೊಂದು ತಿಂಗಳ ಕಾಲ ದಿನಂಪ್ರತಿ ಹೇಳುವ ಸಂಪ್ರದಾಯವಿದೆ. ಅದನ್ನು ಅವನು ಒಬ್ಬನೇ ಕುಳಿತು ಹೇಳುವಂತಿಲ್ಲ. ಒಂಬತ್ತು ಜನ ಎದುರಿಗಿದ್ದು ‘ಆಮೆನ್’ ಎನ್ನಬೇಕು. ಎಂದ ಮೇಲೆ, ಮುಂಜಾನೆ ಹಾಸಿಗೆ ಬಿಟ್ಟು ಎದ್ದು ಬಾರದ ಹತ್ತನೆಯವನು ತನ್ನ ಪ್ರಾರ್ಥನೆಯನ್ನಷ್ಟೇ ತಪ್ಪಿಸಿಕೊಳ್ಳುವುದಿಲ್ಲ. ಯಾವನೋ ಒಬ್ಬನು ತನ್ನ ತಂದೆಗೆ ಸಲ್ಲಿಸಬೇಕಾದ ಮಾತನ್ನು ಅವನ ನಾಲಗೆಯ ಮೇಲೆಯೇ ತಡೆದುಬಿಡುತ್ತಾನೆ. ನಮ್ಮಲ್ಲಿ ಹೆಣ ಎತ್ತಲು ನಾಲ್ವರು ಹೆಗಲು ಕೊಡಬೇಕಾದಂತೆಯೇ ಇದೂ ಎಂದರೆ ತಪ್ಪಾಗಲಾರದು.

ಮೊದಲ ಹತ್ತು ಜನರೊಳಗೆ ಒಬ್ಬನಾಗಿ ಬರುವವನ ಪುಣ್ಯ ದೊಡ್ಡದೆಂದು ತಾಲ್ಮೂದಿನ ಪಂಡಿತನಾದ ಯೆಹೋಶುವಾ ಬೆನ್ ಲೇವಿಯು ಹೇಳಿರುವುದು ಈ ಕಾರಣದಿಂದ. ಅವನ ಹಿಂದೆ ನೂರು ಜನ ಬಂದರೂ ಅವರೆಲ್ಲರ ಫಲದಷ್ಟು ಫಲ ಅವನೊಬ್ಬನಿಗೆ ಎಂದು ಆ ಪಂಡಿತನ ಮತ.

ತಡವಾದಾಗ

ಇನ್ನು ಮೂಲಪ್ರಶ್ನೆಗೆ ಬರೋಣ. ಮುಂಜಾನೆಯ ಪ್ರಾರ್ಥನೆಗೆ ಏಳೆಂಟು ಜನ ಬಂದಿದ್ದಾರೆ. ಅವರು ಕೀರ್ತನೆಗಳನ್ನು ಆರಂಭಿಸಬಹುದು. ಅದಕ್ಕೆ ಹತ್ತು ಜನ ಬೇಕಿಲ್ಲ. ಕೀರ್ತನೆಗಳು ಮುಗಿಯುತ್ತ ಬಂದವು. ಸಂಖ್ಯೆ ಇನ್ನೂ ತುಂಬಲಿಲ್ಲ. ಇದರ ಬೆನ್ನಿಗೇ ಕದ್ದೀಶ್ ಮತ್ತು ಬಾರೆಖು ಬರಬೇಕಾಗಿದೆ. ಆಗ ಮುಂದಾಳು ಇಲ್ಲಿ ಕೆಲಹೊತ್ತು ತಡೆದು ಹತ್ತನೆಯವನ ದಾರಿ ನೋಡುವ ಪದ್ಧತಿಯಿದೆ. ಒಂದು ವೇಳೆ ಕೀರ್ತನೆಗಳು ಮುಗಿದು ನಡುವೆ ಬಿಡುವಾಗಿ, ಆಮೇಲೆ ಸಂಖ್ಯೆ ತುಂಬಿತೆನ್ನಿ. ಕೀರ್ತನೆಗಳನ್ನು ಮತ್ತೆ ಮೊದಲಿನಿಂದ ಹೇಳಬೇಕಾಗಿಲ್ಲ. ಕೆಲವೇ ವಚನಗಳನ್ನು ಎಲ್ಲರೂ ಕೂಡಿ ಹೇಳಿ, ಅದರ ಮೇಲೆ ಕದ್ದೀಶ್ ಹೇಳಿದರಾಯಿತು.

ಇದರೊಳಗಿನ ಯುಕ್ತಿಯನ್ನು ನೋಡಿರಿ. ಕದ್ದೀಶ್ ಎಂಬುದು ಯಾವುದಾದರೊಂದು ಪಠನದ ಕೊನೆಗೆ ಬರತಕ್ಕದ್ದು, ಬರಿಗಾಳಿಯಲ್ಲಿ ನಿಲ್ಲತಕ್ಕದ್ದಲ್ಲ. ಹಿಂದಿನ ಪಠನವು ಹತ್ತು ಜನರಿಲ್ಲದೆ ಆಗಿಹೋಗಿದೆ. ಆದುದರಿಂದ ಹತ್ತು ಜನರ ಸಮ್ಮುಖದಲ್ಲಿ ಎರಡು ಮೂರು ವಚನಗಳ ಚಿಕ್ಕದೊಂದು ಗೂಟ ನೆಟ್ಟು, ಅದಕ್ಕೆ ಕದ್ದೀಶನ್ನು ಕಟ್ಟಿದರು. ಮಧ್ಯಾಹ್ನದ ಪ್ರಾರ್ಥನೆಯ ಆರಂಭದ ಕೀರ್ತನೆ ಮುಗಿದ ಮೇಲೆ ಸಂಖ್ಯೆ ತುಂಬಿದಾಗಲೂ ಇದೇ ಉಪಾಯ. ಮೊದಲು ಬಂದವರ ಹೊತ್ತೂ ಉಳಿಯಿತು, ಸಮೂಹದ ಮಾತೂ ಉಳಿಯಿತು.

ಹತ್ತನೆಯವನು ಇನ್ನೂ ತಡಮಾಡಿದನು. ಬಂದವರು ಶೆಮಾದ ಮಂತ್ರಗಳಿಗೆ ತೊಡಗಿಬಿಟ್ಟಿದ್ದಾರೆ. ಆಗ ಅವನಿಗೋಸ್ಕರ ಹಿಂದಿರುಗಿ ಬಾರೆಖುವಿನಿಂದ ಆರಂಭಿಸುವುದಿಲ್ಲ. ನಡೆದಲ್ಲಿಂದ ಮುಂದೆ ಸಾಗುವುದು. ಮುಂದೆ ಅಮೀದಾವನ್ನು ಹತ್ತು ಜನರೂ ಕೂಡಿ ಹೇಳಿ, ಮುಂದಾಳು ಅದನ್ನು ಗಟ್ಟಿಯಾಗಿ ಹೇಳುವಾಗ ಕೆದುಶಾವನ್ನು ಪಡೆಯುವುದು. ತಪ್ಪಿಹೋದ ಬಾರೆಖುವನ್ನು ತಡವಾಗಿ ಬಂದವರಿಗಾಗಿ ಪ್ರಾರ್ಥನೆಯ ಕೊನೆಗೆ ಹೇಳುವ ರೂಢಿ ಅನೇಕ ಸಮುದಾಯಗಳಲ್ಲಿದೆ.

ಇನ್ನೂ ಕಠಿನವಾದ ಪ್ರಸಂಗವೊಂದಿದೆ. ಎಲ್ಲರೂ ತಮ್ಮ ತಮ್ಮ ಪ್ರಾರ್ಥನೆಯನ್ನು ಬಿಡಿಬಿಡಿಯಾಗಿ ಮುಗಿಸಿಯೇ ಬಿಟ್ಟಿದ್ದಾರೆ. ಆಮೇಲೆ ಹತ್ತು ಜನ ಕೂಡಿದರು. ಈಗ ಏನು? ಯೋಸೆಫ್ ಕಾರೋ (೧೪೮೮–೧೫೭೫) ಎಂಬ ಮಹಾಪಂಡಿತನು ರಚಿಸಿ, ೧೫೬೫ರಲ್ಲಿ ವೆನಿಸ್ ನಗರದಲ್ಲಿ ಅಚ್ಚಾದ ‘ಶುಲ್ಹಾನ್ ಆರುಖ್’ ಎಂಬ ಧರ್ಮಸಂಹಿತೆಯು ಇದಕ್ಕೆ ನೇರವಾದ ಉತ್ತರ ಕೊಡುತ್ತದೆ. ಅವರಲ್ಲೊಬ್ಬನು ಎದ್ದು ನಿಂತು ಕದ್ದೀಶ್, ಬಾರೆಖು ಹಾಗೂ ಅದರ ಮುಂದಿನ ಮೊದಲ ಮಂತ್ರವೊಂದನ್ನು ಹೇಳಬೇಕು, ಅಷ್ಟೇ ಸಾಕು. ಹಾಗೆ ಮಾಡಲು ಆ ಹತ್ತರಲ್ಲಿ ಎಷ್ಟು ಜನ ಅದನ್ನು ಮೊದಲು ಕೇಳದೆ ಇದ್ದವರಾಗಿರಬೇಕು? ಇದರಲ್ಲಿ ಮತಭೇದವಿದೆ. ಹತ್ತರಲ್ಲಿ ಹೆಚ್ಚಿನವರು, ಎಂದರೆ ಆರು ಜನವಾದರೂ ಕೇಳದವರಿರಬೇಕೆಂದು ಕೆಲವರು. ಕೇಳದವನು ಒಬ್ಬನಿದ್ದರೂ ಅವನಿಗಾಗಿ ಒಂಬತ್ತು ಜನ ನಿಂತುಕೊಳ್ಳಬಹುದೆಂದು ಇನ್ನು ಕೆಲವರು. ಈ ಎರಡನೆಯ ಮತದ ಔದಾರ್ಯವನ್ನು ಮೆಚ್ಚದಿರಲಾಗದು. ತಮ್ಮ ಸಾಲವನ್ನು ತೀರಿಸಿ ಮನೆಗೆ ಹೊರಟವರು, ತೀರಿಸದ ಒಬ್ಬನಿಗಾಗಿ ಅರೆಗಳಿಗೆ ನಿಲ್ಲುತ್ತಾರೆ.

ಹೊತ್ತು ಮುಳುಗುತ್ತ ಬಂದು ಪೂರ್ಣ ವಿಧಿಗೆ ಅವಕಾಶವಿಲ್ಲದಿದ್ದರೆ, ಮುಂದಾಳು ಅಮೀದಾದ ಮೊದಲ ಮೂರು ಮಂತ್ರಗಳನ್ನು ಕೆದುಶಾ ಸಹಿತ ಗಟ್ಟಿಯಾಗಿ ಹೇಳಿ, ಉಳಿದುದನ್ನು ಎಲ್ಲರೂ ಮೆಲ್ಲಗೆ ಹೇಳಿಕೊಳ್ಳುವ ಸಂಕ್ಷೇಪಕ್ರಮವೂ ಉಂಟು. ಇದಕ್ಕೆ ವಿರುದ್ಧವಾದ ಪ್ರಸಂಗವನ್ನೂ ಶಾಸ್ತ್ರವು ಬಿಟ್ಟಿಲ್ಲ. ಹತ್ತು ಜನರಿಂದ ಆರಂಭವಾದ ಕರ್ಮದ ನಡುವೆ ಕೆಲವರು ಎದ್ದುಹೋದರೆ, ಆರು ಜನ ಉಳಿದಿದ್ದರೆ ಸಾಕು, ಹಿಡಿದ ಭಾಗವನ್ನು ಮುಗಿಸಬಹುದು. ಆದರೆ ಎದ್ದುಹೋದವರ ನಡತೆಯನ್ನು ಅದು ಕಟುವಾಗಿ ಖಂಡಿಸುತ್ತದೆ.

ಈ ಎಲ್ಲ ವಿವರಗಳನ್ನು ಹಿಂಡಿ ತೆಗೆದರೆ ಮೂರು ಸೂತ್ರಗಳು ದೊರೆಯುತ್ತವೆ. ಒಂದನೆಯದು, ಒಬ್ಬನ ಕರ್ತವ್ಯವು ಸಮೂಹಕ್ಕಾಗಿ ಹೊತ್ತು ಮೀರಿ ಕಾಯಬೇಕಾಗಿಲ್ಲ. ಎರಡನೆಯದು, ಸಮೂಹದ ಮಾತನ್ನು ಸಮೂಹವಿಲ್ಲದೆ ಆಡಬಾರದು. ಒಂಬತ್ತನ್ನು ಹತ್ತೆಂದು ಬರೆದುಕೊಳ್ಳಬಾರದು. ಮೂರನೆಯದು, ಸಮೂಹವು ತಡವಾಗಿ ಕೂಡಿದರೆ ಹಿಂದಿನದನ್ನು ಕೆಡವಬಾರದು, ಮುಂದಿನದಕ್ಕೆ ಬಾಗಿಲನ್ನೂ ಹಾಕಬಾರದು.

ನಮ್ಮ ನೆಲದಲ್ಲಿ ಇದೇ ಪ್ರಶ್ನೆ

ಈ ಪ್ರಶ್ನೆಯನ್ನು ಭಾರತೀಯರು ಬಹು ಹಿಂದೆಯೇ ವಿಚಾರಿಸಿದ್ದರು. ಬೌದ್ಧ ಭಿಕ್ಷುಗಳ ನಿಯಮಗಳನ್ನು ಹೇಳುವ ಪಾಲಿ ಭಾಷೆಯ ‘ಮಹಾವಗ್ಗ’ ಗ್ರಂಥದಲ್ಲಿ, ಸಂಘದ ಅಗತ್ಯ ಸಂಖ್ಯೆಯನ್ನು ತುಂಬುವವನಿಗೆ ‘ಗಣಪೂರಕ’ ಎಂಬ ಅಂದವಾದ ಹೆಸರೇ ಇದೆ. ಪಕ್ಷಕ್ಕೊಮ್ಮೆ ಉಪೋಸಥದ ದಿನ ಭಿಕ್ಷುಗಳು ಕೂಡಿ ‘ಪಾತಿಮೋಕ್ಖ’ ಎಂಬ ನಿಯಮಾವಳಿಯನ್ನು ಪಠಿಸಬೇಕು. ಅದಕ್ಕೆ ನಾಲ್ವರಾದರೂ ಬೇಕು. ಪಠನ ನಡೆದಿರುವಾಗ ಅದೇ ವಿಹಾರದ ಬೇರೆ ಭಿಕ್ಷುಗಳು ಬಂದರೆ? ಬಂದವರ ಸಂಖ್ಯೆ ಮೊದಲೇ ಕುಳಿತವರಿಗಿಂತ ಹೆಚ್ಚಾಗಿದ್ದರೆ ಮತ್ತೆ ಮೊದಲಿನಿಂದ ಪಠಿಸಬೇಕು. ಸಮನಾಗಿದ್ದರೆ ಅಥವಾ ಕಡಿಮೆಯಾಗಿದ್ದರೆ, ಪಠಿಸಿದುದು ಪಠಿಸಿದಂತೆಯೇ ಸರಿ. ಬಂದವರು ಉಳಿದುದನ್ನು ಕೇಳಬೇಕು. ಯೆಹೂದಿಗಳ ಕ್ರಮಕ್ಕೂ ಇದಕ್ಕೂ ಎಷ್ಟು ಸಾಮ್ಯ! ಭೇದವೊಂದೇ: ಬಂದವರೇ ಬಹುಮತವಾದಾಗ ಬೌದ್ಧರು ಹಿಂದಿರುಗುತ್ತಾರೆ.

ಈ ಶಾಸ್ತ್ರ ನಮಗೆ ತೀರ ಹತ್ತಿರದ್ದು. ಹುಬ್ಬಳ್ಳಿಯಿಂದ ಒಂದೆರಡು ತಾಸಿನ ಹಾದಿಯಾದ ಮುಂಡಗೋಡದಲ್ಲಿ ೧೯೬೬ರಲ್ಲಿ ಟಿಬೇಟಿನ ನಿರಾಶ್ರಿತರ ವಸತಿ ಆರಂಭವಾಯಿತು. ಗಂದೆನ್, ದ್ರೇಪುಂಗ್ ಎಂಬ ಹೆಸರಾಂತ ಮಠಗಳು ಅಲ್ಲಿ ಮತ್ತೆ ತಲೆಯೆತ್ತಿದವು. ಅಲ್ಲಿಯ ಭಿಕ್ಷುಗಳು ಅನುಸರಿಸುವುದು ವಿನಯದ ಇನ್ನೊಂದು ಶಾಖೆಯನ್ನು. ಆದರೂ ಪಕ್ಷಕ್ಕೊಮ್ಮೆ ಕೂಡುವ ವಿಧಿ ಅವರಲ್ಲಿಯೂ ಇದೆ. ಊರು ಕಳೆದುಕೊಂಡ ಜನ ಮೊದಲು ಮಾಡಿದ ಕೆಲಸಗಳಲ್ಲಿ ತಮ್ಮ ಸಂಘವನ್ನು ಮತ್ತೆ ಕೂಡಿಸಿಕೊಂಡದ್ದೂ ಒಂದೆಂಬುದನ್ನು ಮರೆಯಲಾಗದು.

ಮಹಾವಗ್ಗದ ಇನ್ನೊಂದು ಪ್ರಸಂಗವು ನಮ್ಮ ದಕ್ಷಿಣಾಪಥಕ್ಕೇ ಸಂಬಂಧಿಸಿದ್ದು. ಹೊಸಬನೊಬ್ಬನನ್ನು ಭಿಕ್ಷುವನ್ನಾಗಿ ಮಾಡಿಕೊಳ್ಳಲು ಹತ್ತು ಜನ ಭಿಕ್ಷುಗಳು ಬೇಕೆಂಬ ನಿಯಮವಿತ್ತು. ಅವಂತಿ-ದಕ್ಷಿಣಾಪಥದಲ್ಲಿ ಭಿಕ್ಷುಗಳು ವಿರಳ. ಸೋಣನೆಂಬವನಿಗೆ ದೀಕ್ಷೆ ಕೊಡಬೇಕೆಂದು ಮಹಾಕಚ್ಚಾನ ಸ್ಥವಿರನು ಹತ್ತು ಜನರನ್ನು ಕೂಡಿಸುವಷ್ಟರಲ್ಲಿ ಮೂರು ವರ್ಷಗಳು ಕಳೆದವು. ಈ ಕಷ್ಟವು ಬುದ್ಧನ ಕಿವಿಗೆ ಬಿದ್ದಾಗ, ಇಂಥ ಗಡಿನಾಡುಗಳಲ್ಲಿ ವಿನಯವನ್ನು ಬಲ್ಲವನೊಬ್ಬನು ಸೇರಿ ಐವರಿದ್ದರೂ ಸಾಕೆಂದು ಅವನು ಅನುಮತಿ ಕೊಟ್ಟನು. ಸಂಖ್ಯೆಯನ್ನು ಸುಳ್ಳಾಗಿ ತುಂಬಲಿಲ್ಲ. ಬಹಿರಂಗವಾಗಿ ನಿಯಮವನ್ನೇ ತಿದ್ದಿದರು. ಇವೆರಡಕ್ಕೂ ಇರುವ ಅಂತರವು ಅಜಗಜಾಂತರ.

ಮುಸಲ್ಮಾನರ ಶುಕ್ರವಾರದ ಸಾಮೂಹಿಕ ನಮಾಜಿಗೂ ಸಂಖ್ಯೆಯ ನಿಯಮವಿದೆ. ಹನಫೀ ಪಂಥದಲ್ಲಿ ಇಮಾಮರಲ್ಲದೆ ಮೂವರಿದ್ದರೆ ಸಾಕು. ಭಟ್ಕಳದ ನವಾಯತರು ಅನುಸರಿಸುವ ಶಾಫಿಈ ಪಂಥದಲ್ಲಿ ನಾಲ್ವತ್ತು ಜನ ಬೇಕು. ಸಂಖ್ಯೆ ತುಂಬದಿದ್ದರೆ ಶುಕ್ರವಾರದ ಎರಡು ರಕಅತ್‌ಗಳ ಬದಲು ಪ್ರತಿದಿನದ ಮಧ್ಯಾಹ್ನದ ನಾಲ್ಕು ರಕಅತ್‌ಗಳನ್ನು ಸಲ್ಲಿಸುತ್ತಾರೆ. ಒಬ್ಬನ ಕರ್ತವ್ಯ ನಿಲ್ಲುವುದಿಲ್ಲ. ತಡವಾಗಿ ಬಂದವನು ಇಮಾಮರು ಬಾಗಿದ ಭಂಗಿಯಿಂದ ಏಳುವುದರೊಳಗಾಗಿ ಕೂಡಿಕೊಂಡರೆ ಆ ರಕಅತ್ ಅವನಿಗೆ ದೊರೆಯಿತು; ತಪ್ಪಿದ್ದನ್ನು ಕೊನೆಗೆ ತಾನೇ ಎದ್ದು ಪೂರೈಸಬೇಕು. ತಡವಾಯಿತೆಂದು ಓಡಿ ಬರಬಾರದು, ಶಾಂತವಾಗಿ ಬರಬೇಕು ಎಂಬುದು ಪ್ರವಾದಿಯವರ ಬೋಧೆ.

ನಮ್ಮ ಸಂವಿಧಾನವೂ ಈ ವಿಚಾರವನ್ನು ಬಿಟ್ಟಿಲ್ಲ. ಲೋಕಸಭೆ, ರಾಜ್ಯಸಭೆಗಳಿಗೆ ಒಟ್ಟು ಸದಸ್ಯರ ಹತ್ತನೆಯ ಒಂದು ಭಾಗ ಕೋರಂ. ರಾಜ್ಯಗಳ ಸದನಗಳಿಗೆ ಹತ್ತು ಜನ ಅಥವಾ ಹತ್ತನೆಯ ಒಂದು ಭಾಗ, ಇವುಗಳಲ್ಲಿ ಯಾವುದು ಹೆಚ್ಚೋ ಅದು. ೭೫ ಸದಸ್ಯರಿರುವ ನಮ್ಮ ವಿಧಾನಪರಿಷತ್ತಿಗೆ ಈ ಲೆಕ್ಕ ಹಾಕಿದರೆ ಬರುವುದು ಹತ್ತು, ಯೆಹೂದಿಗಳ ಹತ್ತು! ಸಂಖ್ಯೆ ತುಂಬದಿದ್ದರೆ ಸದನವನ್ನು ಮುಂದೂಡುವುದು ಇಲ್ಲವೆ ತುಂಬುವ ತನಕ ನಿಲ್ಲಿಸುವುದು ಅಧ್ಯಕ್ಷರ ಕರ್ತವ್ಯ. ಗ್ರಾಮಸಭೆಗೆ ಮತದಾರರ ಹತ್ತನೆಯ ಒಂದು ಭಾಗ ಅಥವಾ ನೂರು ಜನ, ಇವುಗಳಲ್ಲಿ ಕಡಿಮೆಯಾದುದು ಸಾಕೆಂದು ೧೯೯೩ರ ಕರ್ನಾಟಕದ ಪಂಚಾಯತ್ ರಾಜ್ ಕಾನೂನು ಹೇಳುತ್ತದೆ. ಆದರೆ ಕೂಡಿದವರು ನಾಲ್ವತ್ತು, ಪುಸ್ತಕದಲ್ಲಿಯ ಸಹಿಗಳು ನೂರು ಎಂಬ ದೂರು ಹಳ್ಳಿಗಳಲ್ಲಿ ಕೇಳಿಬರುವುದುಂಟು. ಮನೆಮನೆಗೆ ಪುಸ್ತಕ ಒಯ್ದು ಸಹಿ ಮಾಡಿಸಿಕೊಂಡರೆ ಕಾನೂನಿನ ಹೊಟ್ಟೆ ತುಂಬಬಹುದು, ಗ್ರಾಮಸಭೆ ತುಂಬದು. ಮನೆಯಿಲ್ಲದವನು ಮನೆಯನ್ನು ಕೇಳಬೇಕಾದುದು ಆ ಸಭೆಯಲ್ಲಿ. ಅವನ ಮಾತಿಗೆ ‘ಆಮೆನ್’ ಎನ್ನಬೇಕಾದವರು ಅಲ್ಲಿ ಇಲ್ಲ. ಅವರ ಸಹಿ ಮಾತ್ರ ಇದೆ.

ಯಾರು ಲೆಕ್ಕಕ್ಕೆ?

ಎಷ್ಟು ಜನ ಎಂಬುದರಷ್ಟೇ, ಯಾರು ಎಂಬುದೂ ಮುಖ್ಯ. ತಾಲ್ಮೂದಿನಲ್ಲಿ ಒಂದು ಪ್ರಸಂಗವಿದೆ. ಪಂಡಿತ ಎಲಿಯೆಜೆರನು ಪ್ರಾರ್ಥನಾಮಂದಿರಕ್ಕೆ ಬಂದಾಗ ಹತ್ತು ಜನರಿರಲಿಲ್ಲ. ಅವನ ಸಂಗಡ ಒಬ್ಬ ದಾಸನಿದ್ದನು. ಆದರೆ ದಾಸನು ಲೆಕ್ಕಕ್ಕೆ ಬಾರನು. ಎಲಿಯೆಜೆರನು ಅಲ್ಲಿಯೇ ಆ ದಾಸನನ್ನು ಬಂಧನದಿಂದ ಬಿಡಿಸಿ, ಅವನಿಂದ ಹತ್ತರ ಸಂಖ್ಯೆಯನ್ನು ತುಂಬಿಸಿದನು. ಹೀಗೆ ದಾಸನನ್ನು ಬಿಡಬಹುದೇ ಎಂಬ ಆಕ್ಷೇಪ ಎದ್ದಾಗ, ಬಹುಜನರ ಧರ್ಮಕಾರ್ಯಕ್ಕಾಗಿ ಮಾಡಿದುದು ಬೇರೆಯ ಮಾತೆಂದು ಪಂಡಿತರು ಸಮಾಧಾನ ಹೇಳಿದರು. ಸಮಾಜವು ತನಗೆ ಒಬ್ಬನು ಕಡಿಮೆ ಬಿದ್ದಾಗಲೇ, ಇದುವರೆಗೆ ಎಣಿಸದೆ ಬಿಟ್ಟವನ ಕಡೆಗೆ ತಿರುಗಿ ನೋಡಿತು! ಮಂಗಳೂರಿನ ಬೆನ್ ಯಿಜು ೧೧೩೨ರಲ್ಲಿ ಅಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರವೂ ಕೈರೋದ ಆ ಕಾಗದಗಳಲ್ಲಿ ಉಳಿದಿದೆ. ಉದ್ದೇಶ ಬೇರೆಯಾದರೂ, ಅಂಥ ಪತ್ರದಿಂದ ಲೆಕ್ಕಕ್ಕಿಲ್ಲದ ಜೀವವೊಂದು ಲೆಕ್ಕಕ್ಕೆ ಬರುತ್ತಿತ್ತೆಂಬುದು ನಿಜ.

ಹೆಂಗಸರನ್ನು ಹತ್ತರಲ್ಲಿ ಎಣಿಸುವ ಪ್ರಶ್ನೆ ಇಂದಿಗೂ ಯೆಹೂದಿಗಳಲ್ಲಿ ವಾದದ ವಿಷಯ. ಸಾಂಪ್ರದಾಯಿಕರು ಎಣಿಸುವುದಿಲ್ಲ, ಸುಧಾರಕ ಪಂಥದವರು ಎಣಿಸುತ್ತಾರೆ. ಅಮೇರಿಕೆಯ ಮಧ್ಯಮಪಂಥದವರು ೧೯೭೩ರಲ್ಲಿ ಎಣಿಸಬಹುದೆಂದು ತೀರ್ಮಾನಿಸಿದರು. ಅವರನ್ನು ನೋಡಿ ನಾವು ನಗಬೇಕಾಗಿಲ್ಲ. ನಮ್ಮ ಊರ ಹಿರಿಯರ ಪಂಚಾಯತಿಯಲ್ಲಿ ಯಾರು ಕಟ್ಟೆಯ ಮೇಲೆ, ಯಾರು ಕೆಳಗೆ, ಯಾರು ಬಾಗಿಲ ಹಿಂದೆ ಎಂಬುದನ್ನು ಒಮ್ಮೆ ನೆನೆಸಿಕೊಂಡರೆ ಸಾಕು. ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ನನ್ನಂಥವರಿಗೆ, ಹಾಜರಿ ಕರೆಯುವಾಗ ತನ್ನ ಹೆಸರು ಕೇಳುವುದೇ ಒಂದು ದೊಡ್ಡ ಮಾತು. ಎಣಿಕೆಯಲ್ಲಿ ಬರುವುದೆಂದರೆ ಏನೆಂಬುದನ್ನು ಅವರಿಗೆ ಬೇರೆ ಹೇಳಬೇಕಾಗಿಲ್ಲ.

ಹತ್ತನೆಯವನು ಬಾರದೆ ಹೋದರೆ

ಕೊನೆಯದಾಗಿ, ಹತ್ತನೆಯವನು ತಡವಾಗಿಯೂ ಬರದಿದ್ದರೆ? ಕೊಚ್ಚಿಯ ಮಟ್ಟಾಂಚೇರಿಯಲ್ಲಿ ೧೫೬೮ರಲ್ಲಿ ಕಟ್ಟಿದ ಪರದೇಶಿ ಸಿನಗಾಗ್ ಇದಕ್ಕೆ ನಿದರ್ಶನ. ೧೯೬೮ರಲ್ಲಿ ಅದರ ನಾಲ್ಕುನೂರನೆಯ ವರ್ಷದ ಉತ್ಸವಕ್ಕೆ ಪ್ರಧಾನಿ ಇಂದಿರಾ ಗಾಂಧಿಯವರು ಬಂದಿದ್ದರು. ಆದರೆ ೧೯೪೮ರಲ್ಲಿ ಇಸ್ರೇಲ್ ರಾಷ್ಟ್ರ ಸ್ಥಾಪನೆಯಾದ ಮೇಲೆ ಕೊಚ್ಚಿಯ ಯೆಹೂದಿಗಳಲ್ಲಿ ಬಹುಮಂದಿ ಅಲ್ಲಿಗೆ ತೆರಳಿದರು. ಇಂದು ದೀಪಗುಚ್ಛಗಳೂ ಚೀನಾದ ನೀಲಿ ಚಿತ್ರದ ಹಾಸುಬಿಲ್ಲೆಗಳೂ ಹಾಗೆಯೇ ಇವೆ. ಪ್ರವಾಸಿಗಳು ಬಂದು ನೋಡುತ್ತಾರೆ. ಆದರೆ ಊರವರಿಂದಲೇ ಹತ್ತು ಸಂಖ್ಯೆ ತುಂಬುವ ಕಾಲ ಮುಗಿದಿದೆ. ಹೊರಗಿನಿಂದ ಯೆಹೂದಿ ಪ್ರವಾಸಿಗಳು ಬಂದಾಗ ಮಾತ್ರ ಕದ್ದೀಶ್‌ಗೆ ಬಾಯಿ ಬರುತ್ತದೆ. ಕಟ್ಟಡವಿದ್ದರೆ ಸಮುದಾಯವಿದ್ದಂತಾಗಲಿಲ್ಲ. ನೇಕಾರರು ಚದುರಿಹೋದ ಓಣಿ, ಮಕ್ಕಳಿಲ್ಲದೆ ಮುಚ್ಚಿದ ಹಳ್ಳಿಯ ಕನ್ನಡ ಶಾಲೆ, ತಾಳ ಹಿಡಿಯುವವರಿಲ್ಲದ ಭಜನಾಮಂದಿರ, ಇವನ್ನು ಕಂಡವರಿಗೆ ಕೊಚ್ಚಿಯ ಮಾತು ದೂರದ್ದೆನಿಸದು.

ಅಂಥ ಸ್ಥಿತಿಯಲ್ಲಿ ಉಳಿದ ಒಬ್ಬನು ಏನು ಮಾಡಬೇಕೆಂಬುದನ್ನೂ ಮಹಾವಗ್ಗ ಹೇಳುತ್ತದೆ. ವಿಹಾರದಲ್ಲಿ ಒಬ್ಬನೇ ಭಿಕ್ಷು ಇದ್ದರೆ, ಉಪೋಸಥದ ದಿನ ಅವನು ಭಿಕ್ಷುಗಳು ಕೂಡುವ ಸ್ಥಳವನ್ನು ಗುಡಿಸಬೇಕು; ಕುಡಿಯುವ ನೀರು ಇಡಬೇಕು; ಆಸನ ಹಾಸಬೇಕು; ದೀಪ ಹಚ್ಚಿ ಕುಳಿತುಕೊಳ್ಳಬೇಕು. ಯಾರಾದರೂ ಬಂದರೆ ಅವರ ಸಂಗಡ ಉಪೋಸಥ ಮಾಡಬೇಕು. ಯಾರೂ ಬಾರದಿದ್ದರೆ ಇಂದು ನನ್ನ ಉಪೋಸಥವೆಂದು ತಾನೊಬ್ಬನೇ ಸಂಕಲ್ಪಿಸಬೇಕು. ಯೆಹೂದಿಗಳ ಮೂರು ಸೂತ್ರಗಳೂ ಈ ಒಂದು ವಿಧಿಯಲ್ಲಿ ಅಡಗಿವ. ಬರುವವರಿಗಾಗಿ ಸಿದ್ಧತೆಯುಂಟು, ಬಾರದವರನ್ನು ಬಂದವರೆನ್ನುವ ಸುಳ್ಳಿಲ್ಲ, ತನ್ನ ಪಾಲಿನ ಕೆಲಸ ನಿಲ್ಲುವುದೂ ಇಲ್ಲ.

ನಮ್ಮ ಕಾಲೇಜಿನ ಚರ್ಚಾಕೂಟವೇ ಇರಲಿ, ಊರಿನ ಗ್ರಾಮಸಭೆಯೇ ಇರಲಿ, ನಾಳೆ ನಾವು ಸೇರಬಹುದಾದ ಕಚೇರಿ-ಸಂಘಗಳೇ ಇರಲಿ, ಈ ನೀತಿ ಎಲ್ಲಕ್ಕೂ ಸಲ್ಲುತ್ತದೆ. ಹೊತ್ತಿಗೆ ಸರಿಯಾಗಿ ಆರಂಭಿಸೋಣ. ಒಬ್ಬೊಬ್ಬರಿಂದ ಆಗುವುದನ್ನು ಒಬ್ಬೊಬ್ಬರೇ ಮಾಡೋಣ. ಎಲ್ಲರೂ ಕೂಡಿ ಮಾಡತಕ್ಕ ನಿರ್ಣಯವನ್ನು ಮಾತ್ರ ಎಲ್ಲರೂ ಕೂಡದೆ ಮಾಡದಿರೋಣ. ತಡವಾಗಿ ಬಂದವನನ್ನು ಬಾಗಿಲಲ್ಲಿ ನಿಲ್ಲಿಸಿ ಬಯ್ಯುವುದಕ್ಕಿಂತ, ಅವನು ಬಂದುದರಿಂದ ಈಗ ಯಾವ ಕೆಲಸ ಸಾಧ್ಯವಾಯಿತೆಂದು ನೋಡಿ ಅದನ್ನು ಕೈಗೊಳ್ಳೋಣ. ಎಲ್ಲಕ್ಕೂ ಮಿಗಿಲಾಗಿ, ನಾವು ಹೋಗದಿದ್ದರೆ ಯಾರ ಬಾಯಿಯ ಯಾವ ಮಾತು ನಿಂತುಹೋಗುತ್ತದೆಂಬುದನ್ನು ಮನೆ ಬಿಡುವ ಮುಂಚೆಯೇ ಯೋಚಿಸೋಣ.